ಹಾಡು ನಮ್ಮದು, ಹೊಲ ಯಾರದು?

(ಯುವಕ ಮಂಡಲಿ, ಮಹಿಳಾ ಸಮಾಜ ಮತ್ತು ಭಜನಾ ಮಂಡಲಿಗಳ ಸಂಯುಕ್ತ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಮಾತಿಗೆ ನಿಂತನೆಂದರೆ ಬೀಜೋಪಚಾರ, ಕಾಂಪೋಸ್ಟು ಗುಂಡಿ, ಸಾಲು ಬಿತ್ತನೆ ಇವುಗಳಲ್ಲಿ ಯಾವುದಾದರೊಂದನ್ನು ಹೇಳುತ್ತಾನೆಂದು ತಾವು ತಿಳಿಯುವುದು ಸಹಜ. ಇಂದು ನಾನು ಬೇರೊಂದು ಬೆಳೆಯ ವಿಷಯವನ್ನು ತೆಗೆದುಕೊಂಡಿದ್ದೇನೆ. ಈ ಬೆಳೆಯೂ ನಮ್ಮ ಹಳ್ಳಿಯದೇ. ಇದನ್ನೂ ನಮ್ಮ ಹಿರಿಯರೇ ಬೀಜ ಕಾಪಾಡಿ ನಮ್ಮ ಕೈಗೆ ಕೊಟ್ಟಿದ್ದಾರೆ. ಅದು ಹಾಡು, ಆಟ ಮತ್ತು ಮಾತಿನ ಬೆಳೆ.

ಇದನ್ನು ಬೆಳೆಯುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಸೋಬಾನೆ ಹೇಳುವ ಹೆಣ್ಣುಮಕ್ಕಳು, ಡೊಳ್ಳು ಬಾರಿಸುವವರು, ಗೀಗೀ ಮೇಳದವರು, ದೊಡ್ಡಾಟದ ವೇಷಧಾರಿಗಳು, ಹಬ್ಬಕ್ಕೆ ನಾಟಕ ಕಲಿಸುವ ಮೇಷ್ಟರು, ಇವರೆಲ್ಲ ಅದಕ್ಕೆ ಸೇರಿದವರು. ಇತ್ತೀಚೆಗೆ ಇವರ ಜೊತೆಗೆ ಇನ್ನೊಂದು ತಂಡ ಕೂಡಿದೆ. ತಮ್ಮ ಹೊಲದ ಬೆಳೆಯನ್ನು, ಊರಿನ ಸುದ್ದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಮಾತು ಜೋಡಿಸಿ ಲೋಕಕ್ಕೆ ತೋರಿಸುವ ತರುಣರು ಅವರು. ಯಾವ ಕಂಪನಿಯ ಸಂಬಳಕ್ಕೂ ಸೇರದೆ, ತಮ್ಮ ಇಚ್ಛೆಯಿಂದ, ತಮ್ಮ ಖರ್ಚಿನಿಂದ ಹಾಡುವ, ಆಡುವ, ಸುದ್ದಿ ಹೇಳುವ ಇವರೆಲ್ಲರನ್ನೂ ಸ್ವತಂತ್ರ ಕಲಾವಿದರು, ಸ್ವತಂತ್ರ ಸುದ್ದಿಗಾರರು ಎಂದು ಕರೆಯಬಹುದು. ಯೂಟ್ಯೂಬು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು ಮೊದಲಾದ ಸಾಮಾಜಿಕ ಜಾಲತಾಣಗಳು ಇವರ ಬಾಳನ್ನು ಹೇಗೆ ಬದಲಾಯಿಸುತ್ತಿವೆ, ಇದರಲ್ಲಿ ಲಾಭವೇನು, ಅಪಾಯವೇನು, ನಾವು ಮಾಡತಕ್ಕದ್ದೇನು ಎಂಬುದೇ ಇಂದಿನ ನನ್ನ ವಿಷಯ.

ಹಿಂದಿನ ಬಾಗಿಲುಗಳು

ಹಿಂದೆ ಹಳ್ಳಿಯ ಕಲಾವಿದನು ತನ್ನ ಊರಿನಾಚೆ ಕೇಳಿಸಬೇಕಾದರೆ ಯಾರಾದರೊಬ್ಬರ ಬಾಗಿಲು ತಟ್ಟಬೇಕಾಗಿತ್ತು. ಮೊದಲು ಸಾಹುಕಾರರ, ದೇವಸ್ಥಾನದವರ ಬಾಗಿಲು. ಆಮೇಲೆ ನಾಟಕ ಕಂಪನಿಯ ಬಾಗಿಲು, ಗ್ರಾಮಾಫೋನ್ ಕಂಪನಿಯ ಬಾಗಿಲು, ಬಾನುಲಿ ಕೇಂದ್ರದ ಬಾಗಿಲು, ಕ್ಯಾಸೆಟ್ಟಿನವರ ಬಾಗಿಲು. ಒಳಗೆ ಕುಳಿತವರು ಒಪ್ಪಿದರೆ ಹಾಡು ಲೋಕಕ್ಕೆ ಹೋಯಿತು. ಒಪ್ಪದಿದ್ದರೆ ಕಣದಲ್ಲಿಯೇ ಉಳಿಯಿತು.

ತಾವೇ ಒಂದು ಬಾಗಿಲನ್ನು ಕಟ್ಟಿಕೊಂಡವರೂ ನಮ್ಮ ನಾಡಿನಲ್ಲಿದ್ದರು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಒಂದು ಸಣ್ಣ ಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರಿಗೆ ಪ್ರಸಿದ್ಧಿ ಬಂದದ್ದು ಆ ಮನೆಯಿಂದಲೇ. ಆದರೆ ಅಂಥ ಕೆಲಸಕ್ಕೆ ವಿದ್ಯೆ ಬೇಕು, ಹಣ ಬೇಕು, ಯಂತ್ರ ಬೇಕು. ಮಳೆ ನೋಡಿ ಬಿತ್ತುವ ರೈತನಿಗೆ ಅದು ಎಟುಕುವ ಮಾತಾಗಿರಲಿಲ್ಲ.

ಪತ್ರಿಕೆಯ ವಿಷಯದಲ್ಲಿಯೂ ಹಾಗೆಯೇ. ರೈತನ ಸುದ್ದಿಯನ್ನು ಬೇರೆಯವರು ಬರೆಯುತ್ತಿದ್ದರು, ರೈತನು ಓದುತ್ತಿದ್ದನು. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ಯು ಈ ಪದ್ಧತಿಯನ್ನು ತಿರುವುಹಾಕಿತು. ಬೆಳೆದವನೇ ತನ್ನ ಅನುಭವವನ್ನು ಬರೆಯಲಿ ಎಂದು ಕೃಷಿಕನ ಕೈಗೆ ಲೇಖನಿಯನ್ನು ಕೊಟ್ಟಿತು. ಇಂದು ಹೊಲದ ಬದುವಿನ ಮೇಲೆ ನಿಂತು ಮೊಬೈಲು ಹಿಡಿಯುವ ಹುಡುಗನು ಆ ಲೇಖನಿಯ ಮಗನೆಂದೇ ನಾನು ತಿಳಿಯುತ್ತೇನೆ.

ಕಾಲುವೆ ತೆರೆಯಿತು

ಯೂಟ್ಯೂಬು ಪ್ರಾರಂಭವಾದದ್ದು 2005ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು 2016ರ ಸೆಪ್ಟೆಂಬರ್ ನಂತರ. ಆಗ ಜಿಯೋ ಕಂಪನಿಯು ಸೇವೆಯನ್ನು ಆರಂಭಿಸಿತು. ಕಂಪನಿ ಕಂಪನಿಗಳ ಪೈಪೋಟಿಯಿಂದ ಅಂತರ್ಜಾಲದ ದರವು ಇಳಿಯಿತು. ಅಲ್ಲಿಯವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದವರಿಗೆ ತೂಬು ಎತ್ತಿದಂತಾಯಿತು. ಯೂಟ್ಯೂಬಿನಲ್ಲಿ ಒಬ್ಬೊಬ್ಬರ ಜಾಗಕ್ಕೂ ‘ಚಾನಲ್’ ಎಂದು ಹೆಸರು. ಆ ಮಾತಿಗೆ ಕಾಲುವೆಯೆಂದೂ ಅರ್ಥವುಂಟು. ನೀರು ಹರಿಯಿತು, ಒಣಭೂಮಿಯ ಜನರೂ ಬಿತ್ತತೊಡಗಿದರು.

ಇದರ ಫಲವನ್ನು ನೆರೆ ರಾಜ್ಯಗಳಲ್ಲಿ ನೋಡಿರಿ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಚಿನ್ನ ವೀರಮಂಗಲಂ ಎಂಬ ಹಳ್ಳಿಯಿದೆ. ಅಲ್ಲಿ ಬೇಸಾಯದ ಕುಟುಂಬದ ಒಬ್ಬ ಅಜ್ಜ ಮತ್ತು ಅವರ ಮೊಮ್ಮಕ್ಕಳು 2018ರಲ್ಲಿ ಒಂದು ಚಾನಲನ್ನು ಆರಂಭಿಸಿದರು. ಅವರು ಮಾಡುತ್ತಿದ್ದುದು ಏನು? ಬಯಲಿನಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಹಳ್ಳಿಯ ಅಡುಗೆ ಮಾಡಿ, ಅದನ್ನು ಬಡವರಿಗೂ ವೃದ್ಧರಿಗೂ ಬಡಿಸುವುದು, ಇಷ್ಟೇ. 2021ರಲ್ಲಿ ಆ ‘ವಿಲೇಜ್ ಕುಕಿಂಗ್ ಚಾನಲ್’ಗೆ ಒಂದು ಕೋಟಿ ಚಂದಾದಾರರಾದರು. ತಮಿಳಿನಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲನೆಯ ಚಾನಲ್ ಅದೇ. ಅದೇ ವರ್ಷ ಅವರು ಕೋವಿಡ್ ಪರಿಹಾರಕ್ಕಾಗಿ ಮುಖ್ಯಮಂತ್ರಿಗಳ ನಿಧಿಗೆ 10 ಲಕ್ಷ ರೂಪಾಯಿಗಳನ್ನು ಕೊಟ್ಟರು.

ತೆಲಂಗಾಣದ ಜಗತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿಯಲ್ಲಿ ಊರಿನ ತರುಣರು ‘ಮೈ ವಿಲೇಜ್ ಷೋ’ ಎಂಬ ಚಾನಲ್ ಕಟ್ಟಿದರು. ಹೊಲದ ಕೂಲಿ ಮಾಡುತ್ತಿದ್ದ ವೃದ್ಧೆ ಗಂಗವ್ವನವರು ಅದರಲ್ಲಿ ತಮ್ಮ ಊರ ಮಾತಿನಲ್ಲಿಯೇ ನಟಿಸಿ ತೆಲುಗು ನಾಡಿಗೆಲ್ಲ ಪರಿಚಿತರಾದರು. 2020ರಲ್ಲಿ ತೆಲುಗಿನ ‘ಬಿಗ್ ಬಾಸ್’ ಕಾರ್ಯಕ್ರಮಕ್ಕೂ ಅವರನ್ನು ಕರೆದರು. ಯಾವ ನಾಟಕ ಕಂಪನಿಯೂ ಆ ವಯಸ್ಸಿನಲ್ಲಿ ಅವರಿಗೆ ವೇಷ ಕೊಡುತ್ತಿರಲಿಲ್ಲವೆಂಬುದನ್ನು ತಾವು ಬಲ್ಲಿರಿ.

ಸುದ್ದಿಯ ವಿಷಯಕ್ಕೆ ಬಂದರೆ, ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು ಸೇರಿ ‘ಖಬರ್ ಲಹರಿಯಾ’ ಎಂಬ ಪತ್ರಿಕೆಯನ್ನು ಬುಂದೇಲಿ ಭಾಷೆಯಲ್ಲಿ ಹೊರಡಿಸಿದರು. ಅವರಲ್ಲಿ ಅನೇಕರು ದಲಿತರು. ಕೆಟ್ಟ ರಸ್ತೆ, ಬಾರದ ವಿದ್ಯುತ್ತು, ಹೆಂಗಸರ ಮೇಲಿನ ಅನ್ಯಾಯ ಇವೇ ಅವರ ಸುದ್ದಿ. ಅನಂತರ ಅವರು ಕಾಗದವನ್ನು ಬಿಟ್ಟು ಮೊಬೈಲನ್ನು ಹಿಡಿದರು. ಅವರ ಕೆಲಸವನ್ನು ಕುರಿತು ತೆಗೆದ ‘ರೈಟಿಂಗ್ ವಿತ್ ಫೈರ್’ ಎಂಬ ಸಾಕ್ಷ್ಯಚಿತ್ರವು 2022ರಲ್ಲಿ ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿನವರೆಗೂ ಹೋಯಿತು.

ನಮ್ಮ ನಾಡಿನದೇ ಒಂದು ಸಂಗತಿಯನ್ನೂ ಹೇಳುತ್ತೇನೆ. 2021ರ ಕೋವಿಡ್ ಕಾಲದಲ್ಲಿ ಬಾಳೆಗೆ ಬೆಲೆಯಿಲ್ಲದಾಗ, ‘ಅಡಿಕೆ ಪತ್ರಿಕೆ’ಯ ಬಳಗದವರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ಕ್ರಮವನ್ನು ವಾಟ್ಸಾಪಿನ ಮೂಲಕ ಮನೆಮನೆಗೆ ಮುಟ್ಟಿಸಿದರು. ‘ಬಾಕಾಹು’ ಎಂದು ಅದಕ್ಕೆ ಹೆಸರಾಯಿತು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗೃಹಿಣಿಯರು ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮಾಡಿ, ಚಿತ್ರ ತೆಗೆದು ಒಬ್ಬರಿಗೊಬ್ಬರು ಕಳುಹಿಸಿದರು. ಅದೇ ವರ್ಷ ಜುಲೈ ತಿಂಗಳಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಇದನ್ನು ಪ್ರಸ್ತಾಪಿಸಿದರು. ಅಡುಗೆಮನೆಯ ಚಿತ್ರವೊಂದು ಅಷ್ಟು ದೂರ ಹೋಯಿತು.

ಆದುದರಿಂದ ಮೊಬೈಲೆಂದರೆ ಕೇಡು ಎಂದು ಹಿರಿಯರು ಒಂದೇ ಮಾತಿನಲ್ಲಿ ತಳ್ಳಿಹಾಕಕೂಡದು. ಬಾಗಿಲು ಕಾಯುವವರಿಲ್ಲದೆ ಬಡವನ ಹಾಡು ಲೋಕಕ್ಕೆ ಹೋಗುವುದು ಸಣ್ಣ ಲಾಭವಲ್ಲ.

ಹಣದ ಲೆಕ್ಕ

‘ಹಾಡು ಹಾಕಿದರೆ ಹಣ ಬರುತ್ತದಂತೆ’ ಎಂಬ ಮಾತು ಊರೂರಲ್ಲಿ ಹಬ್ಬಿದೆ. ಇದರ ನಿಜವನ್ನು ರೈತನ ಲೆಕ್ಕದಲ್ಲಿ ತಿಳಿಯೋಣ.

ಯೂಟ್ಯೂಬಿನ ಆದಾಯವು ಜಾಹೀರಾತಿನದು. ಪೂರ್ಣ ಪ್ರಮಾಣದಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ನಿಮ್ಮ ಚಾನಲಿಗೆ 1,000 ಚಂದಾದಾರರಿರಬೇಕು. ಅದರ ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನರು ಒಟ್ಟು 4,000 ಗಂಟೆ ಕಾಲ ನಿಮ್ಮ ಚಿತ್ರಗಳನ್ನು ನೋಡಿರಬೇಕು. ಗಂಟೆಯ ಬದಲು ತುಣುಕು ಚಿತ್ರಗಳಿಂದ ಅರ್ಹತೆ ಪಡೆಯುವುದಾದರೆ, 90 ದಿನಗಳಲ್ಲಿ ಒಂದು ಕೋಟಿ ಬಾರಿ ಅವುಗಳನ್ನು ನೋಡಿರಬೇಕು. ಅರ್ಹತೆ ಬಂದ ಮೇಲೆ ಉದ್ದನೆಯ ಚಿತ್ರದ ಜಾಹೀರಾತಿನ ಪ್ರತಿ 100 ರೂಪಾಯಿಯಲ್ಲಿ 55 ನಿಮಗೆ, 45 ಕಂಪನಿಗೆ. ತುಣುಕು ಚಿತ್ರಗಳಲ್ಲಿ ಹಂಚಿಕೆಗೆ ಬಂದ ಹಣದಲ್ಲಿ 45 ಮಾತ್ರ ನಿಮಗೆ. ನಿಮ್ಮ ಲೆಕ್ಕದಲ್ಲಿ 100 ಡಾಲರ್ ಕೂಡುವವರೆಗೆ ಹಣವು ಬ್ಯಾಂಕಿಗೆ ಬರುವುದಿಲ್ಲ. ಅರ್ಹತೆ ಬರುವುದಕ್ಕೆ ಮೊದಲೂ ನಿಮ್ಮ ಚಿತ್ರದ ಮೇಲೆ ಜಾಹೀರಾತು ಹಾಕುವ ಅಧಿಕಾರವನ್ನು ಕಂಪನಿಯು ತನ್ನ ಕರಾರಿನಲ್ಲಿ ಇಟ್ಟುಕೊಂಡಿದೆ. ಆಗ ನಿಮಗೆ ಪಾಲಿಲ್ಲ.

4,000 ಗಂಟೆಯೆಂದರೆ ಎಷ್ಟು? ಒಂದು ಗೀಗೀ ಪದವು 6 ನಿಮಿಷದ್ದೆಂದು ಇಟ್ಟುಕೊಳ್ಳಿ. ಅದನ್ನು 40,000 ಜನ ಮೊದಲಿನಿಂದ ಕೊನೆಯವರೆಗೆ ಕೇಳಿದರೆ 4,000 ಗಂಟೆಯಾಗುತ್ತದೆ. ಕೇಳುವವರಲ್ಲಿ ಬಹುಪಾಲು ಜನ ಅರ್ಧಕ್ಕೇ ಮುಂದೆ ಹೋಗುತ್ತಾರೆ. ಹಣದ ದರವೂ ನಿಶ್ಚಿತವಲ್ಲ. ನೋಡುವವರು ಯಾವ ದೇಶದವರು, ಯಾವ ತಿಂಗಳು, ಯಾವ ಜಾಹೀರಾತು ಎಂಬುದರ ಮೇಲೆ ಅದು ಮಾರುಕಟ್ಟೆಯ ಟೊಮೆಟೊ ಬೆಲೆಯ ಹಾಗೆ ಏರಿಳಿಯುತ್ತದೆ. ಟೊಮೆಟೊಗೆ ಹರಾಜಾದರೂ ನಮ್ಮ ಕಣ್ಣೆದುರಿಗೆ ನಡೆಯುತ್ತದೆ. ಇಲ್ಲಿ ಹರಾಜು ಯಂತ್ರದೊಳಗೆ ನಡೆದುಹೋಗುತ್ತದೆ.

ಹೀಗಿರುವುದರಿಂದ ಈ ಆದಾಯವನ್ನು ಅಕ್ಕಡಿ ಬೆಳೆಯೆಂದು ಎಣಿಸಬೇಕೇ ಹೊರತು ಮುಖ್ಯ ಬೆಳೆಯೆಂದು ನಂಬಿ ಎತ್ತು ಮಾರಿ ಕ್ಯಾಮರಾ ಕೊಳ್ಳಕೂಡದು. ರಾಗಿಯ ನಡುವೆ ಅವರೆ ಸಾಲು ಹಾಕುವುದಿಲ್ಲವೇ? ಅವರೆ ಬಂದರೆ ಸಂತೋಷ. ಬಾರದಿದ್ದರೂ ಮನೆಯಲ್ಲಿ ಮುದ್ದೆಯಿರುತ್ತದೆ. ಕಲಾವಿದನ ನಿಜವಾದ ಫಸಲು ಬೇರೆಯಿದೆ. ಜಾಲತಾಣದಲ್ಲಿ ಹಾಡು ಕೇಳಿದ ದೂರದೂರಿನವರು ಜಾತ್ರೆಗೋ ಮದುವೆಗೋ ವೀಳ್ಯ ಕೊಟ್ಟು ಕರೆದರೆ, ಆ ಒಂದು ರಾತ್ರಿಯ ಸಂಭಾವನೆಯು ಎಷ್ಟೋ ತಿಂಗಳ ಜಾಹೀರಾತಿನ ಪಾಲಿಗಿಂತ ಮೇಲಾಗಬಹುದು.

ಹೊಲ ಯಾರದು?

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ದೇವರಾಜ ಅರಸರ ಕಾಲದ್ದು ಅದು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಆಗ ಊರೂರಿನ ಗೋಡೆಯ ಮೇಲಿತ್ತು. ಗೇಣಿದಾರರು 7ನೇ ನಮೂನೆಯ ಅರ್ಜಿಯನ್ನು ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಅನೇಕರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು.

ಜಾಲತಾಣದ ಹೊಲದಲ್ಲಿ ಉಳುವವನು ಒಡೆಯನಲ್ಲ. ಅಲ್ಲಿ ನಾವೆಲ್ಲ ಗೇಣಿದಾರರು. ಬೀಜ ನಮ್ಮದು, ದುಡಿಮೆ ನಮ್ಮದು, ನೆಲ ಮಾತ್ರ ಕಂಪನಿಯದು. ಪಾಲು ಎಷ್ಟೆಂದು ಅವರು ನಿಶ್ಚಯಿಸುತ್ತಾರೆ. ನಿಯಮವನ್ನು ಅವರು ಬದಲಾಯಿಸುತ್ತಾರೆ. ಹಿಂದೆ ಇದಕ್ಕಿಂತ ಸುಲಭವಾಗಿದ್ದ ಅರ್ಹತೆಯನ್ನು 2018ರಲ್ಲಿ 1,000 ಚಂದಾದಾರರು, 4,000 ಗಂಟೆ ಎಂದು ಬಿಗಿ ಮಾಡಿದವರೂ ಅವರೇ. ಆ ದಿನ ಎಷ್ಟೋ ಸಣ್ಣ ಚಾನಲುಗಳ ಪಾಲು ನಿಂತುಹೋಯಿತು.

ಇದಕ್ಕಿಂತ ದೊಡ್ಡ ಪಾಠವು ನಮ್ಮ ದೇಶದಲ್ಲಿಯೇ ಆಯಿತು. ಟಿಕ್‌ಟಾಕ್ ಎಂಬ ಚೀನಾ ಕಂಪನಿಯ ಜಾಲತಾಣವನ್ನು ಭಾರತದಲ್ಲಿ ಸುಮಾರು 20 ಕೋಟಿ ಜನ ಬಳಸುತ್ತಿದ್ದರು. ಹೊಲ ಕಳೆಯುವವರು, ಗಾರೆ ಕೆಲಸದವರು, ಟ್ರ್ಯಾಕ್ಟರ್ ಓಡಿಸುವವರು ಅದರಲ್ಲಿ ಹಾಡಿ ಕುಣಿದು ಹೆಸರು ಪಡೆದಿದ್ದರು. ಬೇರೆ ಕಡೆ ಓದಿದವರದೇ ಮೇಲುಗೈಯಾಗಿದ್ದರೆ ಇಲ್ಲಿ ಹಳ್ಳಿಯ ಬಡವರಿಗೂ ಜಾಗವಿತ್ತು. ಗಡಿಯಲ್ಲಿ ಗಲ್ವಾನ್ ಘರ್ಷಣೆಯಾದ ಮೇಲೆ, 2020ರ ಜೂನ್ 29ರಂದು ಭಾರತ ಸರ್ಕಾರವು ದೇಶದ ಸುರಕ್ಷತೆಯ ಕಾರಣದಿಂದ ಇದನ್ನೂ ಸೇರಿಸಿ 59 ಚೀನಾ ಆಪ್‌ಗಳನ್ನು ನಿಷೇಧಿಸಿತು. ಆ ನಿಷೇಧದ ಸರಿ ತಪ್ಪು ನನ್ನ ಇಂದಿನ ವಿಷಯವಲ್ಲ. ನಾನು ಹೇಳುವುದು ಇಷ್ಟೇ: ಲಕ್ಷ ಲಕ್ಷ ಅಭಿಮಾನಿಗಳನ್ನು ಕೂಡಿಸಿಕೊಂಡಿದ್ದ ಕಲಾವಿದರಿಗೆ ಒಂದೆರಡು ದಿನಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಅಭಿಮಾನಿಗಳ ವಿಳಾಸವಾಗಲಿ, ದೂರವಾಣಿ ಸಂಖ್ಯೆಯಾಗಲಿ ಕಲಾವಿದರ ಬಳಿ ಇರಲಿಲ್ಲ. ತಾವು ತೆಗೆದ ಚಿತ್ರಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳದವರಿಗೆ ಮಾಡಿದ ಕೆಲಸವೂ ಹೋಯಿತು.

ಮುಂದಿನ ತಿಂಗಳಲ್ಲಿಯೇ ಇನ್‌ಸ್ಟಾಗ್ರಾಮಿನವರು ‘ರೀಲ್ಸ್’ ತಂದರು. ಸೆಪ್ಟೆಂಬರಿನಲ್ಲಿ ಯೂಟ್ಯೂಬಿನವರು ‘ಷಾರ್ಟ್ಸ್’ ತಂದರು. ಅನೇಕರು ಅಲ್ಲಿ ಮೊದಲಿನಿಂದ ಬಿತ್ತನೆ ಮಾಡಬೇಕಾಯಿತು. ಕೆಲವರು ಚೇತರಿಸಿಕೊಂಡರು. ಎಷ್ಟೋ ಮಂದಿ ಬಿಟ್ಟುಬಿಟ್ಟರು. ಹೊಸ ಹೊಲದ ಮಣ್ಣು ಬೇರೆ, ಹವೆ ಬೇರೆ. ಹಳೆಯ ಹೊಲದ ಬೆಳೆ ಅಲ್ಲಿ ಬರುತ್ತದೆಂದು ಹೇಳುವಂತಿಲ್ಲ.

ಕಲೆಯ ಮೇಲಾಗುವ ಪರಿಣಾಮ

ಇನ್ನೊಂದು ಬದಲಾವಣೆಯು ಕಣ್ಣಿಗೆ ಬೇಗ ಕಾಣುವುದಿಲ್ಲ. ಯಾವ ಹಾಡನ್ನು ಯಾರಿಗೆ ತೋರಿಸಬೇಕೆಂದು ನಿಶ್ಚಯಿಸುವುದು ಒಂದು ಯಂತ್ರದ ಲೆಕ್ಕಾಚಾರ. ಮೊದಲು ಕೆಲವರಿಗೆ ತೋರಿಸಿ, ಅವರು ನಿಂತು ನೋಡಿದರೆ ಮತ್ತಷ್ಟು ಜನರಿಗೆ ತೋರಿಸುತ್ತದೆ. ಜನರು ಬೇಗ ದಾಟಿ ಹೋದರೆ ಅದನ್ನು ಹಿಂದಕ್ಕೆ ಸರಿಸುತ್ತದೆ. ಆದಕಾರಣ ಮೊದಲ ಕೆಲವು ಕ್ಷಣಗಳಲ್ಲಿಯೇ ಕಣ್ಣು ಸೆಳೆಯುವ ಕುಣಿತ, ಕೂಗು, ನಗೆ ಇವುಗಳಿಗೆ ಬೇಡಿಕೆ ಹೆಚ್ಚು. ರಾತ್ರಿಯೆಲ್ಲ ನಡೆಯುವ ದೊಡ್ಡಾಟವು ಒಂದೆರಡು ನಿಮಿಷದ ತುಣುಕಾಗುತ್ತದೆ. ವೇಷ ಕುಣಿಯುವುದನ್ನು ನೋಡುತ್ತೇವೆ, ಅದು ಏಕೆ ಕುಣಿಯಿತೆಂಬ ಕಥೆ ತಿಳಿಯುವುದಿಲ್ಲ.

ಒಂದೇ ಬೆಳೆಯನ್ನು ವರ್ಷ ವರ್ಷ ಹಾಕಿದರೆ ನೆಲ ಏನಾಗುತ್ತದೆಂದು ನಾನು ತಮಗೆ ಹೇಳಬೇಕಾಗಿಲ್ಲ. ಒಬ್ಬನ ಹಾಡಿಗೆ ಹತ್ತು ಲಕ್ಷ ಜನ ಸಿಕ್ಕರೆಂದು ಊರವರೆಲ್ಲ ಅದೇ ಧಾಟಿ, ಅದೇ ತಾಳ, ಅದೇ ದ್ವಂದ್ವಾರ್ಥದ ಮಾತು ಹಿಡಿದರೆ ಉಳಿದ ತಳಿಗಳು ನಾಶವಾಗುತ್ತವೆ. ಬೀಸುವ ಪದ, ಹಂತಿ ಪದ, ಲಾವಣಿ ಇವು ಒಮ್ಮೆ ಬಾಯಿಂದ ಮರೆತುಹೋದರೆ ಯಾವ ಬೀಜ ನಿಗಮವೂ ತಂದು ಕೊಡಲಾರದು.

ಕಲಾವಿದನ ದೇಹಕ್ಕೂ ಇದರ ಬಿಸಿ ತಾಗುತ್ತದೆ. ಕೆಲವು ದಿನ ಹೊಸದನ್ನು ಹಾಕದಿದ್ದರೆ ಜನ ಮರೆತಾರೆಂಬ ಭಯದಿಂದ, ಹಾಲು ಹಾಕುವವನು ಡೈರಿಗೆ ಓಡುವಂತೆ ದಿನವೂ ಓಡಬೇಕಾಗುತ್ತದೆ. ಹೆಣ್ಣುಮಕ್ಕಳು ಹಾಡಿದರೆ ಕೆಳಗೆ ಬಂದು ಬೀಳುವ ಕೊಳಕು ಮಾತುಗಳು ಇನ್ನೊಂದು ಹಿಂಸೆ. ನೆಲವನ್ನು ಬೀಡು ಬಿಡುವುದು ಸೋಮಾರಿತನವಲ್ಲ. ಹಾಡುವವರಿಗೂ ಬೀಡು ಬೇಕು. ಮಗಳ ಹಾಡಿಗೆ ಕೆಟ್ಟ ಮಾತು ಬಂದರೆ ಮಗಳನ್ನು ಸುಮ್ಮನಿರಿಸುವ ಬದಲು ಆ ಮಾತು ಬರೆದವನನ್ನು ತಡೆಯುವ ವ್ಯವಸ್ಥೆಯನ್ನು ಬಳಸತಕ್ಕದ್ದು. ಪ್ರತಿಯೊಂದು ಜಾಲತಾಣದಲ್ಲಿಯೂ ಅಂಥವರನ್ನು ಹೊರಗಿಡುವ, ಮಾತು ಅಳಿಸುವ ಸೌಕರ್ಯವಿದೆ.

ನ್ಯಾಯಕ್ಕಾಗಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಉದ್ದನೆಯ ಕಲೆಗೂ ಇಲ್ಲಿ ಜಾಗವುಂಟು. 2020ರ ಮಾರ್ಚಿಯಲ್ಲಿ ಕೋವಿಡ್ಡಿನಿಂದ ಯಕ್ಷಗಾನ ಮೇಳಗಳ ತಿರುಗಾಟ ನಡುವೆಯೇ ನಿಂತಾಗ, ಕಲಾವಿದರು ಅಂತರ್ಜಾಲದ ನೇರಪ್ರಸಾರದಲ್ಲಿ ಆಟವನ್ನೂ ತಾಳಮದ್ದಳೆಯನ್ನೂ ನಡೆಸಿದರು. ಕರಾವಳಿಯನ್ನು ಬಿಟ್ಟು ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮವರು ಇಂದಿಗೂ ಹೀಗೆ ಆಟ ನೋಡುತ್ತಾರೆ. ಯಂತ್ರವು ಬಯಸುವ ತುಣುಕನ್ನು ಕೊಡೋಣ, ಆದರೆ ಪೂರ್ತಿ ಆಟವನ್ನು ನಮಗಾಗಿ, ಮಕ್ಕಳಿಗಾಗಿ ಇಡೋಣ.

ಹಾಡಿನ ಹಕ್ಕು

ನಮ್ಮ ಕಲಾವಿದರು ಹೆಚ್ಚಾಗಿ ಮೋಸ ಹೋಗುವುದು ಈ ವಿಷಯದಲ್ಲಿ. ಯಾರೋ ಒಬ್ಬರು ಒಳ್ಳೆಯ ಕ್ಯಾಮರಾ ತಂದು, ಅಜ್ಜಿಯರನ್ನು ಕಟ್ಟೆಯ ಮೇಲೆ ಕೂರಿಸಿ ಹತ್ತು ಹಾಡು ಹಾಡಿಸಿ, ಒಂದು ಸೀರೆಯೋ ಐನೂರು ರೂಪಾಯಿಯೋ ಕೊಟ್ಟು ಹೋದರೆಂದು ಇಟ್ಟುಕೊಳ್ಳಿ. ಆ ಧ್ವನಿಮುದ್ರಣವು ಅವರ ಹೆಸರಿನಲ್ಲಿ ನೋಂದಣಿಯಾಗುತ್ತದೆ. ಹಾಡಿದವರ ಹೆಸರೇ ಇರುವುದಿಲ್ಲ. ಯೂಟ್ಯೂಬಿನಲ್ಲಿ ಒಂದು ಧ್ವನಿಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವ ಯಂತ್ರವಿದೆ. ನಾಳೆ ಅದೇ ಅಜ್ಜಿಯ ಮೊಮ್ಮಗ ಅದೇ ಹಾಡಿನ ಆ ಮುದ್ರಣವನ್ನು ತನ್ನ ಚಾನಲಿನಲ್ಲಿ ಹಾಕಿದರೆ ‘ಇದು ಬೇರೆಯವರ ಸ್ವತ್ತು’ ಎಂದು ಯಂತ್ರ ಹೇಳುತ್ತದೆ, ಆದಾಯವು ಅವರಿಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ? ಜನಪದರು ತಲೆಮಾರುಗಳಿಂದ ಹಾಡಿಕೊಂಡು ಬಂದ ಕರ್ತೃವಿಲ್ಲದ ಪದವು ಒಬ್ಬರ ಆಸ್ತಿಯಾಗಲಾರದು. ಆದರೆ ಅದನ್ನು ಹಾಡುವ ಕಲಾವಿದರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ‘ಪ್ರದರ್ಶಕರ ಹಕ್ಕು’ ಬಂದಿತು. ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿಯಿಂದ, ಹಾಡಿದವರು ಇಂಥವರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕೂ ದೊರೆತಿದೆ. ಒಪ್ಪಿಗೆಯಿಲ್ಲದೆ ಧ್ವನಿ ಮುದ್ರಿಸಿ ವ್ಯಾಪಾರ ಮಾಡಕೂಡದು. ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ಓದಿಸಿ ಕೇಳುವ ಅಭ್ಯಾಸವನ್ನು ಸಾಲಪತ್ರದಲ್ಲಿ ಕಲಿತಿದ್ದೇವೆ. ಹಾಡಿನ ಪತ್ರದಲ್ಲಿಯೂ ಅದನ್ನೇ ಅನುಸರಿಸಬೇಕು.

ಸಿನಿಮಾ ಹಾಡನ್ನು ನಮ್ಮ ಚಿತ್ರದ ಹಿಂದೆ ಸೇರಿಸುವುದೂ ಅಷ್ಟೇ ತಪ್ಪು. 90 ದಿನಗಳಲ್ಲಿ ಮೂರು ಬಾರಿ ಕೃತಿಸ್ವಾಮ್ಯದ ಎಚ್ಚರಿಕೆ ಬಂದರೆ ಯೂಟ್ಯೂಬು ಚಾನಲನ್ನೇ ಮುಚ್ಚಬಹುದು. ನಮ್ಮ ಕಡೆ ಡೊಳ್ಳಿದೆ, ಕೊಳಲಿದೆ, ಚೌಡಿಕೆಯಿದೆ. ಅವನ್ನೇ ಬಳಸಬಹುದಲ್ಲವೇ?

ಬೇಸಾಯದ ಚಿತ್ರ ತೆಗೆಯುವವರಿಗೆ ಒಂದು ಮಾತು

ಕೃಷಿ ಚಾನಲ್ ನಡೆಸುವ ತರುಣರನ್ನು ನಾನು ಮೆಚ್ಚುತ್ತೇನೆ. ಆದರೆ ಅವರ ಮೇಲೆ ಕಲಾವಿದನಿಗಿಂತ ಹೆಚ್ಚಿನ ಹೊಣೆಯಿದೆ. ಹಾಡು ಚೆನ್ನಾಗಿಲ್ಲದಿದ್ದರೆ ಕೇಳುಗನಿಗೆ ಐದು ನಿಮಿಷ ನಷ್ಟ. ಔಷಧಿಯ ಪ್ರಮಾಣ ತಪ್ಪಾದರೆ ರೈತನಿಗೆ ಒಂದು ವರ್ಷ ನಷ್ಟ. ಕಂಪನಿಯಿಂದ ಹಣವನ್ನೋ, ಉಚಿತ ಸಾಮಗ್ರಿಯನ್ನೋ ಪಡೆದು ಅದನ್ನು ಹೊಗಳುವುದಾದರೆ ಆ ಸಂಗತಿಯನ್ನು ಸ್ಪಷ್ಟವಾಗಿ ಹೇಳತಕ್ಕದ್ದೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯು 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ದಾರಿ ತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ ದಂಡ ಬೀಳಬಹುದು. ನೋಡುವ ರೈತರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈತನು ತನ್ನ ಹೊಲದಲ್ಲಿ ಬೆಳೆದು ತೋರಿಸುತ್ತಿದ್ದಾನೆಯೇ, ಅಥವಾ ಡಬ್ಬಿಯನ್ನು ಮಾತ್ರ ತೋರಿಸುತ್ತಿದ್ದಾನೆಯೇ?

ನಾವು ಮಾಡಬಹುದಾದ ಕೆಲಸ

ಮಾತು ಸಾಕು, ಕೆಲಸ ಹೇಳು ಎಂದು ತಾವು ಕೇಳುವುದು ನ್ಯಾಯ. ಪ್ರತಿಯೊಂದು ಊರಿನಲ್ಲಿ ಯುವಕ ಮಂಡಲಿಯೂ ಮಹಿಳಾ ಸಮಾಜವೂ ಕೂಡಿ ಈ ಕೆಳಗಿನ ಕೆಲಸಗಳನ್ನು ಬರುವ ಸುಗ್ಗಿಯೊಳಗೆ ಮಾಡಬಹುದು.

ಮೊದಲನೆಯದು, ಬೀಜವನ್ನು ಮನೆಯಲ್ಲಿಡುವುದು. ಜಾಲತಾಣಕ್ಕೆ ಹಾಕುವ ಪ್ರತಿಯೊಂದು ಹಾಡಿನ, ಆಟದ ಮೂಲ ಪ್ರತಿಯನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಒಂದೇ ಕಣಜದಲ್ಲಿ ಎಲ್ಲ ಬೀಜವನ್ನೂ ಯಾವ ರೈತನೂ ಇಡುವುದಿಲ್ಲ.

ಎರಡನೆಯದು, ಹಾಡಿನ ಖಾತೆ ಪುಸ್ತಕ. ಯಾವ ಹಾಡು, ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ದಿನ ಮುದ್ರಿಸಿದ್ದು, ಒಪ್ಪಿಗೆ ಕೊಟ್ಟವರು ಯಾರು, ಇವಿಷ್ಟನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಸಹಿ ಮಾಡಿಸಬೇಕು. ವಿವಾದ ಬಂದ ದಿನ ಇದು ಪಹಣಿಯಂತೆ ಕೆಲಸಕ್ಕೆ ಬರುತ್ತದೆ.

ಮೂರನೆಯದು, ಕೇಳುಗರ ವಿಳಾಸ. ಮೇಳವನ್ನು ಕರೆಸಿದವರ, ಮೆಚ್ಚಿ ಬರೆದವರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಬೇಕು. ಒಂದು ಜಾಲತಾಣ ಮುಚ್ಚಿದರೂ ಈ ಪಟ್ಟಿ ಉಳಿಯುತ್ತದೆ. ಟಿಕ್‌ಟಾಕಿನ ಕಲಾವಿದರ ಬಳಿ ಇಲ್ಲದೆ ಹೋದದ್ದು ಇದೇ. ಸಾಧ್ಯವಾದರೆ ಎರಡು ಮೂರು ಜಾಲತಾಣಗಳಲ್ಲಿ ಬಿತ್ತಬೇಕು.

ನಾಲ್ಕನೆಯದು, ಕರಾರು ಮತ್ತು ಲೆಕ್ಕ. ಮೇಳದ ಚಾನಲಾದರೆ ಬಂದ ಹಣವನ್ನು ಹಾಡಿದವರಿಗೆ, ಬಾರಿಸಿದವರಿಗೆ, ಚಿತ್ರ ತೆಗೆದವರಿಗೆ ಹೇಗೆ ಹಂಚಬೇಕೆಂದು ಮೊದಲೇ ಬರೆದುಕೊಳ್ಳಬೇಕು. ಗುಪ್ತಪದವು ಒಬ್ಬನ ಕೈಯಲ್ಲಿ ಮಾತ್ರ ಇರಕೂಡದು. ಹಣ ಬಂದ ಮೇಲೆ ಜಗಳವಾಗಿ ಒಡೆಯುವ ಮೇಳಗಳು, ಹಣ ಬಾರದೆ ಒಡೆಯುವ ಮೇಳಗಳಿಗಿಂತ ಕಡಿಮೆಯಿಲ್ಲ.

ಐದನೆಯದು, ಅನ್ಯಾಯವಾದರೆ ದೂರು. ಯಂತ್ರವು ತಪ್ಪಾಗಿ ‘ಇದು ಬೇರೆಯವರ ಹಾಡು’ ಎಂದರೆ ಆಕ್ಷೇಪಣೆ ಹಾಕುವ ಅವಕಾಶವಿದೆ. ಎದುರಿನವರು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅವರ ಹಕ್ಕು ಬಿದ್ದುಹೋಗುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಜಾಲತಾಣಗಳು ದೂರು ಕೇಳುವ ಅಧಿಕಾರಿಯನ್ನು ನೇಮಿಸತಕ್ಕದ್ದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಕೇಂದ್ರ ಸರ್ಕಾರವು 2023ರಲ್ಲಿ ಸ್ಥಾಪಿಸಿದ ಮೇಲ್ಮನವಿ ಸಮಿತಿಗಳಿಗೆ ಮನೆಯಿಂದಲೇ ಅರ್ಜಿ ಕಳುಹಿಸಬಹುದು. ಭೂ ನ್ಯಾಯಮಂಡಳಿಯಷ್ಟು ದೊಡ್ಡ ಅಧಿಕಾರ ಇದಕ್ಕಿಲ್ಲ, ಆದರೂ ಬಾಗಿಲು ಒಂದಿದೆ.

ಕೊನೆಯದಾಗಿ, ನಮ್ಮದೇ ಆದ ಒಂದು ತುಂಡು ನೆಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ಹಳ್ಳಿಯ ಜನರು, ಅದರಲ್ಲಿಯೂ ಸ್ವಸಹಾಯ ಸಂಘದ ಹೆಂಗಸರು, ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಕಟ್ಟಿ, ತಂತಿಯ ಮೂಲಕ ತಮ್ಮ ಕಾರ್ಯಕ್ರಮಗಳನ್ನು ಮನೆಗಳಿಗೆ ಕೇಳಿಸಿದರು. ಆಗ ಹಳ್ಳಿಯವರಿಗೆ ಬಾನುಲಿಯ ಪರವಾನಗಿ ಸಿಗುತ್ತಿರಲಿಲ್ಲ. 2006ರ ನೀತಿಯಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ದೊರೆಯುವಂತಾಯಿತು. ಬಾನುಲಿ ಕಟ್ಟುವುದು ನಮ್ಮಿಂದ ಇಂದೇ ಆಗದಿರಬಹುದು. ತಿಂಗಳಿಗೊಂದು ಹುಣ್ಣಿಮೆಯ ರಾತ್ರಿ ಊರ ಕಟ್ಟೆಯ ಮೇಲೆ ನಮ್ಮವರೇ ಹಾಡಿ ನಮ್ಮವರೇ ಕೇಳುವ ಕಾರ್ಯಕ್ರಮ ಆಗಬಹುದಲ್ಲ? ಆ ಕಟ್ಟೆಗೆ ಗೇಣಿಯಿಲ್ಲ.

ಬಾಂಧವರೇ, ಕಾಲುವೆಯ ನೀರು ಬಂದಾಗ ಬಾವಿಯನ್ನು ಮುಚ್ಚಿದ ಊರುಗಳು, ಕಾಲುವೆ ನಿಂತ ವರ್ಷ ಕೊಡ ಹಿಡಿದು ಅಲೆದದ್ದನ್ನು ನೋಡಿದ್ದೇವೆ. ಜಾಲತಾಣದ ನೀರನ್ನು ಧಾರಾಳವಾಗಿ ಬಳಸೋಣ. ಅದರಿಂದ ನಮ್ಮ ಕಲಾವಿದರಿಗೆ ಹೆಸರೂ ನಾಲ್ಕು ಕಾಸೂ ಬರಲಿ. ಬಾವಿಯ ಹೂಳನ್ನೂ ವರ್ಷಕ್ಕೊಮ್ಮೆ ತೆಗೆಯುತ್ತಿರೋಣ. ಹಾಡಿನ ಖಾತೆ ಪುಸ್ತಕವನ್ನು ಆರಂಭಿಸುವ ಮಂಡಲಿಯವರು ನನಗೆ ಹೇಳಿ ಕಳುಹಿಸಿದರೆ, ಪುಸ್ತಕದ ಮನೆಗಳನ್ನು ಗೆರೆ ಹಾಕಿಕೊಡುವುದಕ್ಕೂ ಮೊದಲ ಹತ್ತು ಹಾಡುಗಳನ್ನು ಬರೆದುಕೊಳ್ಳುವುದಕ್ಕೂ ಬರುತ್ತೇನೆ. ಊರಿನಲ್ಲಿ ಎಲ್ಲರಿಗಿಂತ ಹಿರಿಯರಾದ ಹಾಡುಗಾರರಿಂದ ಪ್ರಾರಂಭಿಸೋಣ, ಏಕೆಂದರೆ ಆ ಕೆಲಸ ತಡಮಾಡುವಂಥದ್ದಲ್ಲ.